ಪಾರ್ಟಿಗೆ ಯಾವ ವೇಷ? ಮಲೆನಾಡಿನಿಂದ ಹೊರಟವರಿಗೂ, ಇಲ್ಲಿಗೆ ಬರುವವರಿಗೂ ಒಂದಿಷ್ಟು ಸಲಹೆ

ಅಕ್ಟೋಬರ್ ಅರ್ಧ ಕಳೆಯಿತೆಂದರೆ ನನಗೆ ಫೋನ್ ಬರಲು ಶುರು. ಹವ್ಯಾಸಿ ನಾಟಕ ತಂಡದ ವೇಷದ ಟ್ರಂಕು ನಮ್ಮ ಮನೆಯ ಅಟ್ಟದ ಮೇಲಿದೆ ಎಂಬುದು ನೆಂಟರಿಷ್ಟರಿಗೆಲ್ಲ ಗೊತ್ತು. "ದೊಡ್ಡಪ್ಪ, ಆಫೀಸಲ್ಲಿ ಹ್ಯಾಲೋವಿನ್ ಅಂತೆ. ನಿಮ್ ಹತ್ರ ರಾಕ್ಷಸನ ಕಿರೀಟ ಇತ್ತಲ್ಲ, ಬಸ್ಸಿಗೆ ಹಾಕಿ ಕಳಿಸ್ತೀರಾ?" ಎಂದು ಬೆಂಗಳೂರಿನ ಹುಡುಗಿ ಕೇಳುತ್ತಾಳೆ. ಜರ್ಮನಿಗೆ ಹೋದವನಿಗೆ ಫೆಬ್ರವರಿಯಲ್ಲಿ ಆಫೀಸಿಗೆ ಟೈ ಕಟ್ಟಿಕೊಂಡು ಹೋಗಬಹುದೋ ಬಾರದೋ ಎಂಬ ಅನುಮಾನ. ಸಾಗರದ ಕಡೆಯ ಅಜ್ಜಿಯೊಬ್ಬರದು ಬೇರೆಯೇ ತಕರಾರು: "ದೀಪಾವಳಿ ಹೊತ್ತಿಗೆ ಮಗೂಗೆ ದೆವ್ವದ ಬಟ್ಟೆ ಹಾಕ್ತಾರಂತಲ್ಲ, ಇದೆಂಥ ಅನಿಷ್ಟ ಮಾರಾಯ!" ಇವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೆಡೆ ಬರೆದಿಟ್ಟರೆ ಉಳಿದವರಿಗೂ ಅನುಕೂಲವಾದೀತು.

ವೇಷ ಕಟ್ಟುವುದು ನಮಗೇನೂ ಹೊಸದಲ್ಲ. ಚಳಿಗಾಲದ ರಾತ್ರಿ ಗದ್ದೆಯಲ್ಲಿ ಯಕ್ಷಗಾನ, ಹೋಳಿಯ ಹೊತ್ತಿಗೆ ಶಿರಸಿಯಲ್ಲಿ ಬೇಡರ ವೇಷ, ಬೀದಿಗೆ ಬರುವ ಹಗಲುವೇಷದವರು, ಶಾಲೆಯ ಛದ್ಮವೇಷ ಸ್ಪರ್ಧೆ ಇವನ್ನೆಲ್ಲ ನೋಡಿಯೇ ಬೆಳೆದವರು ನಾವು. ಆದರೆ ನಮ್ಮಲ್ಲಿ ವೇಷಕ್ಕೊಂದು ಜಾಗ, ಒಂದು ದಿನ, ಕಟ್ಟುವವರು ಇಂಥವರೇ ಎಂಬ ಕಟ್ಟಳೆ ಇರುತ್ತದೆ. ಯಕ್ಷಗಾನದವರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಯಾರೂ ರಂಗಕ್ಕೆ ಹೋಗುವುದಿಲ್ಲ. ಪಾಶ್ಚಾತ್ಯರ ಪಾರ್ಟಿಯಲ್ಲಿ ಇಂಥ ಕಟ್ಟಳೆ ಕಾಣಿಸುವುದಿಲ್ಲ. ಯಾರು ಏನು ಬೇಕಾದರೂ ಆಗಬಹುದು, ಒಂದು ಸಂಜೆಯ ಮಟ್ಟಿಗೆ. ಹಾಗಂತ ಗೆರೆಯೇ ಇಲ್ಲವೆಂದಲ್ಲ. ಅಲ್ಲಿನ ಗೆರೆಗಳನ್ನು ಎಳೆದದ್ದು ಅಲ್ಲಿನ ಚರಿತ್ರೆ, ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಹುಡುಕುವ ಮೊದಲು ಆ ಗೆರೆಗಳನ್ನು ಹುಡುಕಬೇಕು.

1. ಮೊದಲು ಕರೆಯನ್ನು ಸರಿಯಾಗಿ ಓದಿ

ಬ್ರಿಟನ್ನಿನವರು "ಫ್ಯಾನ್ಸಿ ಡ್ರೆಸ್" ಎಂದು ಕರೆದರೆ ವೇಷ ಹಾಕಿಕೊಂಡೇ ಹೋಗಬೇಕು. ಅದೇ ಮಾತನ್ನು ಅಮೆರಿಕದವರು ಕೇಳಿಸಿಕೊಂಡರೆ ಕೋಟು ಬೂಟು ಹಾಕಿಕೊಂಡು ಬಂದಾರು. ವೇಷದ ಕೂಟಕ್ಕೆ ಅವರು ಹೇಳುವುದು "ಕಾಸ್ಟ್ಯೂಮ್ ಪಾರ್ಟಿ". "ಬ್ಲ್ಯಾಕ್ ಟೈ" ಎಂದಿದ್ದರೆ ಮದುವೆಗೆ ಹೊಲಿಸಿದ ಸೂಟಿಗೆ ಕಪ್ಪು ಟೈ ಸಿಕ್ಕಿಸಿದರೆ ಸಾಲದು. ಡಿನ್ನರ್ ಜಾಕೆಟ್ಟು, ಬೋ ಟೈ ಬೇಕು. ಇಂಥ ಕಡೆ ತಮ್ಮ ದೇಶದ ಸಾಂಪ್ರದಾಯಿಕ ಉಡುಪನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಆದ್ದರಿಂದ ರೇಷ್ಮೆ ಸೀರೆಗೋ ಬಂದ್‌ಗಲಾ ಕೋಟಿಗೋ ಅಡ್ಡಿಯಿರದು. ಬಾಡಿಗೆ ಜಾಕೆಟ್ಟಿಗೆ ಸುರಿಯುವ ದುಡ್ಡು ಉಳಿಯಿತು.

ಗೊತ್ತಾಗದಿದ್ದರೆ ಕರೆದವರನ್ನೇ ಕೇಳಿ. ನಮ್ಮಲ್ಲಿ "ಏನು ಉಟ್ಕೊಂಡು ಬರ್ಲಿ?" ಎಂದು ಮದುವೆ ಮನೆಯವರನ್ನು ಕೇಳಿದರೆ ಮುಖ ಮುಖ ನೋಡಿಯಾರು. ಅಲ್ಲಿ ಕೇಳದೆ ಬರುವುದೇ ವಿಚಿತ್ರ. ಎಲ್ಲರೂ ವೇಷ ಹಾಕುತ್ತಾರಾ, ಮಕ್ಕಳಿರುತ್ತಾರಾ, ಕೂಟ ಮನೆಯೊಳಗಾ ಹೊರಗಾ, ಇಷ್ಟು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು. "ಬೇಕಾದವರು ಹಾಕಬಹುದು" ಎಂದರೆ ಹೆಚ್ಚಿನವರು ಹಾಕುವುದಿಲ್ಲ ಎಂದೇ ತಿಳಿಯಿರಿ. ಆಗ ಬೇಕೆಂದರೆ ತೆಗೆದು ಚೀಲಕ್ಕೆ ಹಾಕಿಕೊಳ್ಳುವಂಥ ಟೋಪಿ, ಶಾಲು, ಕನ್ನಡಕ ಇದ್ದರೆ ಸಾಕು.

ಮಲೆನಾಡಿನ ಕರೆಯ ರೀತಿಯೇ ಬೇರೆ. ಬಟ್ಟೆಯ ಸುದ್ದಿಯೇ ಅದರಲ್ಲಿರುವುದಿಲ್ಲ, ಆದರೂ ಎಲ್ಲರಿಗೂ ಗೊತ್ತಿರುತ್ತದೆ. "ಸಿಂಪಲ್ಲಾಗಿ ಮಾಡ್ತಾ ಇದೀವಿ, ಮನೆ ಮಟ್ಟಿಗೆ" ಎಂದು ಹೇಳಿದ ಗೃಹಪ್ರವೇಶಕ್ಕೆ ಚೂಡಿದಾರದಲ್ಲಿ ಹೋದವರಿಗೆ ಜಗಲಿಯಲ್ಲೇ ಗೊತ್ತಾಗುತ್ತದೆ, ಒಳಗೆಲ್ಲ ರೇಷ್ಮೆ ಸೀರೆ ಎಂದು.

2. ಯಾವ ಊರು, ಯಾವ ದಿನ

ಹ್ಯಾಲೋವಿನ್ ಅಕ್ಟೋಬರ್ 31ರ ಸಂಜೆಯದು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, ಇದು ಅದರ ಹಿಂದಿನ ಸಂಜೆ. ಬೇರು ಇನ್ನೂ ಹಳೆಯದು. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟಿಕ್ ಜನ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಸತ್ತವರು ತಿರುಗಾಡುತ್ತಾರೆಂದು ನಂಬಿದ್ದರು. 19ನೇ ಶತಮಾನದಲ್ಲಿ ವಲಸೆ ಹೋದ ಐರಿಷರು ಅದನ್ನು ಅಮೆರಿಕಕ್ಕೆ ಒಯ್ದರು. ಸಾಗರದ ಅಜ್ಜಿಗೆ ನಾನು ಹೇಳಿದ್ದು ಅಂಟಿಗೆ ಪಂಟಿಗೆಯ ಸುದ್ದಿ. ಬಲಿಪಾಡ್ಯಮಿಯ ಹೊತ್ತಿಗೆ ದೀಪ ಹಿಡಿದು ಹಾಡುತ್ತ ರಾತ್ರಿಯಿಡೀ ಮನೆಮನೆಗೆ ಬರುವವರ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಸು ಕೊಟ್ಟು ಕಳಿಸುತ್ತೇವಲ್ಲ? ಅಲ್ಲಿ ಮಕ್ಕಳು ವೇಷ ಹಾಕಿ ಬರುತ್ತಾರೆ, ಚಾಕಲೇಟು ಕೊಟ್ಟು ಕಳಿಸುತ್ತಾರೆ. ಅಜ್ಜಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಬೈಗುಳ ಕಡಿಮೆಯಾಯಿತು. ಒಂದು ಮುಖ್ಯ ಸೂಚನೆ: ಅಮೆರಿಕದಲ್ಲಿ ಮನೆ ಮುಂದಿನ ದೀಪ ಉರಿಯುತ್ತಿದ್ದರೆ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗಿ ಬಾಗಿಲು ತಟ್ಟಿ. ದೀಪ ಆರಿದ್ದರೆ ಮುಂದಿನ ಮನೆಗೆ ನಡೆಯಿರಿ.

ಅಮೆರಿಕದಲ್ಲಿ ಹ್ಯಾಲೋವಿನ್ ವೇಷ ಹೆದರಿಸಲೇಬೇಕೆಂದಿಲ್ಲ. ಬಾಳೆಹಣ್ಣು, ಗಗನಯಾತ್ರಿ, ಸೂಪರ್ ಹೀರೋ ಯಾವುದಾದರೂ ನಡೆಯುತ್ತದೆ. ಬ್ರಿಟನ್, ಐರ್ಲೆಂಡಿನಲ್ಲಿ ಇಂದಿಗೂ ದೆವ್ವ, ಮಾಟಗಾತಿ, ಅಸ್ಥಿಪಂಜರದ ಕಡೆಗೇ ಒಲವು ಜಾಸ್ತಿ. ಆಫೀಸಿನ ಹ್ಯಾಲೋವಿನ್‌ಗೆ ಎಲ್ಲ ಕಡೆಯೂ ಒಂದೇ ಮಾತು. ರಕ್ತ ಸುರಿಯುವುದು, ಮೈ ತೋರಿಸುವುದು, ರಾಜಕೀಯ ಇವು ಬೇಡ. ಮೂರು ಗಂಟೆಯ ಮೀಟಿಂಗಿನಲ್ಲಿ ಬಾಸ್ ಎದುರು ಅದೇ ವೇಷದಲ್ಲಿ ಕೂರಬೇಕಾಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಬ್ರಿಟನ್ನಿನಲ್ಲಿ ಮಕ್ಕಳಿದ್ದರೆ ಮಾರ್ಚ್ ತಿಂಗಳ ಮೊದಲ ಗುರುವಾರವನ್ನು ಗುರುತು ಹಾಕಿಡಿ. ಅಂದು ಶಾಲೆಗಳಲ್ಲಿ ಪುಸ್ತಕ ದಿನ, ಮಕ್ಕಳು ಕತೆಯ ಪಾತ್ರಗಳಾಗಿ ಹೋಗುತ್ತಾರೆ. ತೆನಾಲಿ ರಾಮಕೃಷ್ಣನನ್ನು ಕಳಿಸಿ. ಜುಟ್ಟು, ಪಂಚೆ, ಶಲ್ಯ ಇದ್ದರಾಯಿತು. ಟೀಚರು ಕೇಳಿದರೆ ಮಗು ಹೇಳುವುದಕ್ಕೆ ಕತೆಯೂ ಇರುತ್ತದೆ.

ಜರ್ಮನಿಯ ಕೋಲೋನ್, ಡಸೆಲ್ಡಾರ್ಫ್ ಕಡೆ ಕಾರ್ನಿವಲ್ ನವೆಂಬರ್ 11ರಂದು ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ ಶುರುವೆಂದು ಲೆಕ್ಕ. ನಿಜವಾದ ಗದ್ದಲ ಫೆಬ್ರವರಿ, ಮಾರ್ಚಿನಲ್ಲಿ, ಈಸ್ಟರ್ ಲೆಕ್ಕದಲ್ಲಿ ಬರುವ ಉಪವಾಸ ಕಾಲದ ಮುಂಚಿನ ಆ ಒಂದು ವಾರ. ಅದರಲ್ಲಿ ಗುರುವಾರ ಹೆಂಗಸರದು. ಕತ್ತರಿ ಹಿಡಿದು ಬಂದು ಗಂಡಸರ ಟೈ ಕತ್ತರಿಸುತ್ತಾರೆ, ಮ್ಯಾನೇಜರ್ ಎಂಬ ಮುಲಾಜೂ ಇಲ್ಲ. ಕೇಳಿದ ಹುಡುಗನಿಗೆ ಹೇಳಿದೆ: ಟೈ ಕಟ್ಟು, ಆದರೆ ಮಾವ ಮದುವೆಗೆ ಕೊಡಿಸಿದ್ದು ಬೇಡ, ಹಳೆಯದು ಕಟ್ಟು. ಇನ್ನೊಂದು: ಕೋಲೋನಿನಲ್ಲಿ ಕೂಗುವುದು "ಆಲಾಫ್", ಡಸೆಲ್ಡಾರ್ಫಿನಲ್ಲಿ "ಹೆಲಾವ್". ಎರಡೂ ಊರಿಗೆ ಹಳೆಯ ಪೈಪೋಟಿ, ಅದಲುಬದಲು ಮಾಡಬೇಡಿ. ಬರ್ಲಿನ್ನಿನಲ್ಲಿ ಅದೇ ಗುರುವಾರ ಕೋಡಂಗಿ ವೇಷದಲ್ಲಿ ಆಫೀಸಿಗೆ ಹೋದರೆ ನೀವೊಬ್ಬರೇ ಕೋಡಂಗಿ.

ಜಪಾನಿನದು ಇನ್ನೊಂದು ಶಿಸ್ತು. ಕಾಮಿಕ್ಸ್ ಪಾತ್ರಗಳ ವೇಷ ಹಾಕುವ ಕಾಸ್‌ಪ್ಲೇ ಅಲ್ಲಿ ದೊಡ್ಡ ಹವ್ಯಾಸ. ಆದರೆ ಟೋಕಿಯೋದ ಕಾಮಿಕೆಟ್‌ನಂಥ ಮೇಳಕ್ಕೆ ಮನೆಯಿಂದಲೇ ವೇಷ ತೊಟ್ಟು ರೈಲು ಹತ್ತಿ ಹೋಗುವಂತಿಲ್ಲ. ಅಲ್ಲೇ ಹೋಗಿ, ಅದಕ್ಕೆಂದೇ ಇರುವ ಕೋಣೆಯಲ್ಲಿ ಬದಲಾಯಿಸಿ, ಮುಗಿದ ಮೇಲೆ ಮಾಮೂಲಿ ಬಟ್ಟೆಯಲ್ಲಿ ವಾಪಸಾಗಬೇಕು. ಕೇಳದೆ ಫೋಟೋ ತೆಗೆಯುವಂತೆಯೂ ಇಲ್ಲ. ಟೋಕಿಯೋದ ಶಿಬುಯಾದಲ್ಲಿ ಹ್ಯಾಲೋವಿನ್ ರಾತ್ರಿಯ ಜನಜಂಗುಳಿ ಎಷ್ಟು ಮಿತಿಮೀರಿತೆಂದರೆ, 2023ರಲ್ಲಿ ಅಲ್ಲಿನ ಮೇಯರೇ "ದಯವಿಟ್ಟು ಬರಬೇಡಿ" ಎಂದು ಕೇಳಿಕೊಂಡರು.

ಕೊಲ್ಲಿ ದೇಶಗಳಲ್ಲಿರುವವರಿಗೆ ಒಂದೇ ಮಾತು. ನಮ್ಮಲ್ಲಿ ಗಂಡಸಿನ ಸ್ತ್ರೀವೇಷಕ್ಕೆ ಚಪ್ಪಾಳೆ ಬೀಳುತ್ತದೆ. ಯುಎಇಯಲ್ಲಿ ಹೆಣ್ಣಿನ ವೇಷದ ಗಂಡಸು ಹೆಂಗಸರ ಜಾಗಕ್ಕೆ ಕಾಲಿಟ್ಟರೆ ಅದು ಅಪರಾಧ. ತಮಾಷೆಗೂ ಬೇಡ.

ಮದುವೆಯ ಬಣ್ಣದ ಬಗ್ಗೆಯೂ ಕೇಳುತ್ತಿರುತ್ತಾರೆ. ಪಾಶ್ಚಾತ್ಯರ ಮದುವೆಗೆ ಅತಿಥಿಗಳು ಬಿಳಿ ತೊಡಬಾರದು, ಅದು ಮದುಮಗಳದು. ನಮ್ಮ ಕಡೆ ಅಪ್ಪಟ ಕಪ್ಪನ್ನು ಹಿರಿಯರು ಇಂದಿಗೂ ಒಪ್ಪುವುದಿಲ್ಲ.

3. ದಾಟಬಾರದ ಗೆರೆಗಳು

ಇಲ್ಲಿ ಸ್ವಲ್ಪ ನಿಂತು ಓದಿ, ನಮ್ಮವರು ಎಡವುವುದು ಇಲ್ಲೇ.

ಮೊದಲನೆಯದು ಮೈಬಣ್ಣ. ಮುಖಕ್ಕೆ ಬಣ್ಣ ಹಚ್ಚದೆ ವೇಷವೆಂಥದ್ದು ಎಂದು ಯಕ್ಷಗಾನ ನೋಡಿದವರಿಗೆ ಅನ್ನಿಸುವುದು ಸಹಜ. ಹಸಿರು ರಾಕ್ಷಸನಾಗಿ, ನೀಲಿ ಕೃಷ್ಣನಾಗಿ, ಯಾರೂ ಕೇಳುವುದಿಲ್ಲ. ಆದರೆ ಕಪ್ಪು ಜನಾಂಗದ ಆಟಗಾರನನ್ನೋ ಹಾಡುಗಾರನನ್ನೋ ತೋರಿಸಲು ಮುಖಕ್ಕೆ ಕಪ್ಪು ಬಳಿಯುವಂತಿಲ್ಲ. ಅಮೆರಿಕದಲ್ಲಿ 1830ರ ದಶಕದಿಂದ ಬಿಳಿಯ ನಟರು ಮಸಿ ಬಳಿದುಕೊಂಡು, ಗುಲಾಮರನ್ನು ಪೆದ್ದರೆಂದು ಆಡಿ ತೋರಿಸಿ ನಗಿಸಿದ ಆಟಗಳ ನೆನಪು ಅಲ್ಲಿ ಹಸಿಯಾಗಿದೆ. ಮೆಚ್ಚಿ ಹಾಕಿದ್ದು ಎಂದರೂ ಕೇಳುವವರಿಲ್ಲ. ಮುಂದೆ ಕೆನಡಾದ ಪ್ರಧಾನಿಯಾದ ಜಸ್ಟಿನ್ ಟ್ರುಡೋ 2001ರಲ್ಲಿ ಅರೇಬಿಯನ್ ರಾತ್ರಿಗಳ ಹೆಸರಿನ ಪಾರ್ಟಿಯೊಂದಕ್ಕೆ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಹೋಗಿದ್ದ ಫೋಟೋ 2019ರ ಚುನಾವಣೆ ಹೊತ್ತಿಗೆ ಹೊರಬಂತು. ಕ್ಷಮೆ ಕೇಳಬೇಕಾಯಿತು. ಆಟಗಾರನ ಜೆರ್ಸಿ ತೊಡಿ, ಅಷ್ಟೇ ಸಾಕು.

"ಇದೆಲ್ಲ ಅವರ ಅತಿರೇಕ" ಎನ್ನುವವರು ಘಟ್ಟ ಇಳಿದು ನೋಡಬೇಕು. ಕರಾವಳಿಯಲ್ಲಿ ನವರಾತ್ರಿ ಹೊತ್ತಿಗೆ ಮೈಗೆ ಮಸಿ ಬಳಿದು, ತಲೆಗೆ ಹಾಳೆ ಟೋಪಿ ಇಟ್ಟು ಕೊರಗರ ವೇಷ ಹಾಕಿ ಕಾಸು ಎತ್ತುವ ರೂಢಿಯಿತ್ತು. ಇದು ತಮಗೆ ಮಾಡುವ ಅವಮಾನ ಎಂದು ಕೊರಗ ಸಮುದಾಯದವರೇ ಎದ್ದು ನಿಂತರು. ಆ ಸಮುದಾಯವನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿ ರಾಜ್ಯ 2000ದಲ್ಲಿ ಕಾಯ್ದೆಯನ್ನೇ ತಂದಿತು. ಹಾಳೆ ಟೋಪಿ ನಮ್ಮ ಅಡಿಕೆ ತೋಟದಲ್ಲಿ ಎಲ್ಲರ ತಲೆಯ ಮೇಲೂ ಇರುತ್ತದೆ, ಅದರಲ್ಲಿ ತಪ್ಪಿಲ್ಲ. ಟೋಪಿಯ ಜೊತೆ ಮಸಿ ಸೇರಿದಾಗ ಅದರ ಅರ್ಥವೇ ಬೇರೆ.

ಎರಡನೆಯದು, ಇನ್ನೊಬ್ಬರು ಪೂಜ್ಯವೆಂದುಕೊಂಡದ್ದು. ಅಮೆರಿಕದ ಮೂಲನಿವಾಸಿಗಳ ಗರಿಯ ಕಿರೀಟ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅವರಲ್ಲಿ ಅದನ್ನು ಯಾರೆಂದರೆ ಅವರು ತೊಡುವುದಿಲ್ಲ, ಗೌರವ ಗಳಿಸಿದವರು ಮಾತ್ರ. "ನಾವೊಂದು ಸಂಸ್ಕೃತಿ, ವೇಷವಲ್ಲ" ಎಂದು ಓಹಾಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2011ರಲ್ಲಿ ಪೋಸ್ಟರ್ ಮಾಡಿ ಹಂಚಿದ್ದು ಇದೇ ಕಾರಣಕ್ಕೆ. ಅರ್ಥವಾಗದಿದ್ದರೆ ಕರಾವಳಿಯ ದೈವದ ಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿ, ಕಾಲಿಗೆ ಹಾಕುವ ಗಗ್ಗರ ತೊಟ್ಟು ಪಬ್ಬಿಗೆ ಹೋದವನನ್ನು ಊಹಿಸಿಕೊಳ್ಳಿ. ಈಚಿನ ವರ್ಷಗಳಲ್ಲಿ ಸಿನಿಮಾ ನೋಡಿ ಚಿತ್ರಮಂದಿರಕ್ಕೇ ದೈವದ ವೇಷದಲ್ಲಿ ಬಂದವರ ಬಗ್ಗೆ ಕರಾವಳಿಯವರು ಎಷ್ಟು ನೊಂದುಕೊಂಡರು ಎಂಬುದು ಎಲ್ಲರಿಗೂ ಗೊತ್ತು. ಮಗುವಿಗೆ ಅಷ್ಟಮಿಯಂದು ಕೃಷ್ಣನ ವೇಷ ಹಾಕಿ, ಚೆಂದ. ದೊಡ್ಡವರು ಕೈಯಲ್ಲಿ ಬಿಯರ್ ಹಿಡಿದು ಶಿವನಾಗುವುದು ಬೇಡ. ಅದೇ ರೀತಿ, ಪಾಶ್ಚಾತ್ಯ ಪಾರ್ಟಿಗಳಲ್ಲಿ ಕ್ರೈಸ್ತ ಸನ್ಯಾಸಿನಿಯ ವೇಷ ಮಾಮೂಲಿ ಎಂದು ಅದನ್ನು ಶಿವಮೊಗ್ಗದಲ್ಲಿ ಹಾಕಲು ಹೋಗಬೇಡಿ, ಇಲ್ಲಿ ನೆರೆಮನೆಯವರೇ ನೋಯುತ್ತಾರೆ.

ಮೂರನೆಯದು ನಾಜಿ. ಭಾರತದಲ್ಲಿ ಹಿಟ್ಲರ್ ಮೀಸೆ ಇಂದಿಗೂ ತಮಾಷೆಯ ಸರಕು. ಯುರೋಪಿನಲ್ಲಿ ಅಲ್ಲ. ಬ್ರಿಟನ್ನಿನ ರಾಜಕುಮಾರ ಹ್ಯಾರಿ 2005ರಲ್ಲಿ ಗೆಳೆಯನ ಪಾರ್ಟಿಗೆ ನಾಜಿ ತೋಳುಪಟ್ಟಿ ಕಟ್ಟಿಕೊಂಡು ಹೋಗಿ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದ, ಕ್ಷಮೆ ಕೇಳಿದ. ಜರ್ಮನಿಯಲ್ಲಿ ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಕಾನೂನಿಗೆ ವಿರುದ್ಧ. ನಮ್ಮ ಸ್ವಸ್ತಿಕ ಬೇರೆ, ನಿಜ. ಆದರೆ ಪಾರ್ಟಿಯಲ್ಲಿ ಅದನ್ನು ವಿವರಿಸುತ್ತ ನಿಲ್ಲುವ ಬದಲು ಸ್ವಸ್ತಿಕದ ಶಾಲನ್ನು ಮನೆಯಲ್ಲಿಡುವುದು ಮೇಲು.

ಸಮವಸ್ತ್ರದ ಬಗ್ಗೆ ಎರಡು ಮಾತು. ಪುಟ್ಟ ಮಗು ಪೊಲೀಸಾದರೆ ಮುದ್ದು. ದೊಡ್ಡವರು ನಿಜವಾದ ಪೊಲೀಸರೋ ಸೈನಿಕರೋ ಎಂದು ಜನ ನಂಬುವಂತೆ ತೊಟ್ಟು ತಿರುಗಿದರೆ ನಮ್ಮ ಕಾನೂನಿನಲ್ಲೂ ಶಿಕ್ಷೆಯುಂಟು.

ಕೆಲವು ಗೆರೆಗಳು ಇರುವ ಜಾಗದ ಮೇಲೆ ಬದಲಾಗುತ್ತವೆ. ಕ್ಯೋಟೋದಲ್ಲಿ ಪ್ರವಾಸಿಗರಿಗೆ ಕಿಮೋನೋ ಬಾಡಿಗೆಗೆ ಕೊಟ್ಟು ತಾವೇ ಉಡಿಸಿ ಕಳಿಸುತ್ತಾರೆ. ಬಾಸ್ಟನ್ನಿನ ಕಲಾ ಸಂಗ್ರಹಾಲಯವೊಂದು 2015ರಲ್ಲಿ ಬಂದವರಿಗೆ ಕಿಮೋನೋ ತೊಡಿಸಿದಾಗ ಪ್ರತಿಭಟನೆಯಾಯಿತು. ತೀರ್ಥಹಳ್ಳಿಯ ಅಜ್ಜಿ ವಿದೇಶಿ ಹುಡುಗಿಗೆ ಕುಂಕುಮ ಇಟ್ಟು ಹೂ ಮುಡಿಸಿ ಸಂತೋಷಪಡುತ್ತಾರೆ. ಅದೇ ಅಜ್ಜಿಯ ಅಮೆರಿಕದ ಮೊಮ್ಮಗಳು ಹಣೆಬೊಟ್ಟಿಗಾಗಿ ಶಾಲೆಯಲ್ಲಿ ಹಂಗಿಸಿಕೊಂಡವಳಾಗಿದ್ದರೆ, ಪಾರ್ಟಿಯಲ್ಲಿ ಬೊಟ್ಟು ಅಂಟಿಸಿಕೊಂಡ ಬಿಳಿಯರನ್ನು ಕಂಡು ಸಿಡುಕುತ್ತಾಳೆ. ಇಬ್ಬರೂ ಸರಿಯೇ.

ಕಾಲೇಜುಗಳ ಎಥ್ನಿಕ್ ಡೇಗೂ ಇದೇ ಮಾತು. ಲಂಬಾಣಿ ಉಡುಗೆ ತೊಡಬೇಕೆಂದರೆ ತಾಂಡಾದ ಗೆಳತಿಯ ಹತ್ತಿರ ಕೇಳಿ ಪಡೆದು, ಹೇಗೆ ಉಡಬೇಕೆಂದು ಅವಳಿಂದಲೇ ಕಲಿತು ತೊಟ್ಟರೆ ಚೆಂದ. ಆ ಉಡುಗೆ ತೊಟ್ಟು ಅವರ ಮಾತಿನ ಧಾಟಿಯನ್ನು ಅಣಕಿಸಿ ನಗಿಸಲು ಹೊರಟರೆ ಅದು ಮಸಿ ಬಳಿದ ಸಾಲಿಗೇ ಸೇರುತ್ತದೆ.

4. ನಮ್ಮದನ್ನೇ ಒಯ್ಯಿರಿ

ಹಾಗಾದರೆ ಉಳಿದದ್ದೇನು? ಬೇಕಾದಷ್ಟಿದೆ. ಯಕ್ಷಗಾನದ ಕಿರೀಟವನ್ನು ನಾನಂತೂ ಬಸ್ಸಿಗೆ ಹಾಕುವುದಿಲ್ಲ. ಚೌಕಿಯಲ್ಲಿ ಪೂಜೆಗೊಂಡದ್ದು ಎಂಬುದೊಂದು, ಎದೆಕಟ್ಟು, ಭುಜಕೀರ್ತಿ, ಕಸೆ ಸೀರೆ ಎಲ್ಲ ಸೇರಿಸಿ ಕಟ್ಟಲು ಬಲ್ಲವರು ಬೇಕು ಎಂಬುದಿನ್ನೊಂದು. ಅರ್ಧಂಬರ್ಧ ಕಟ್ಟಿದರೆ ಕುರ್ಚಿಯಲ್ಲಿ ಕೂರುವುದಕ್ಕೂ ಆಗದು.

ಹ್ಯಾಲೋವಿನ್‌ಗೆ ನನ್ನ ಸಲಹೆ ಕೊಳ್ಳಿದೆವ್ವ. ಕತ್ತಲಲ್ಲಿ ಗದ್ದೆಯಂಚಿಗೆ ಹೊತ್ತಿ, ಆರಿ, ಮತ್ತೊಂದೆಡೆ ಹೊತ್ತುವ ಬೆಂಕಿ. ಅಜ್ಜನ ಮನೆಯಲ್ಲಿ ಅದರ ಕತೆ ಕೇಳದವರು ಯಾರು? ಮೈತುಂಬ ಕಪ್ಪು ಬಟ್ಟೆ, ತಲೆಯಿಂದ ಬೆನ್ನಿಗೆ ಇಳಿಯುವಂತೆ ಕಂಬಳಿ ಕೊಪ್ಪೆ. ಕಂಬಳಿ ಚುಚ್ಚುತ್ತದೆ, ಹೀಟರ್ ಹಾಕಿದ ಕೋಣೆಯಲ್ಲಿ ಬೆವರಿಳಿಯುತ್ತದೆ, ಆದ್ದರಿಂದ ಕಪ್ಪು ಕಾಟನ್ ಬಟ್ಟೆಯನ್ನೇ ಕೊಪ್ಪೆಯಂತೆ ಮಡಚಿ ಹೊಲಿಗೆ ಹಾಕಿಸಿ. ಅಂಗೈಯಲ್ಲಿ ಹಿಡಿಸುವ ಪುಟ್ಟ ಟಾರ್ಚಿಗೆ ಕೇಸರಿ ಜೆಲಾಟಿನ್ ಕಾಗದ ಎರಡು ಸುತ್ತು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ತೋಳಿನೊಳಗೆ ಕೈ ಎಳೆದುಕೊಂಡು, ಬಟ್ಟೆಯ ಹಿಂದಿನಿಂದ ಹೊತ್ತಿಸಿ, ಆರಿಸಿ, ಎರಡು ಹೆಜ್ಜೆ ಸರಿದು ಮತ್ತೆ ಹೊತ್ತಿಸಿ. ಕರ್ಚು ಕಮ್ಮಿ, ಯಾರ ಮನಸ್ಸಿಗೂ ನೋವಿಲ್ಲ, ನಿಮ್ಮಂಥ ವೇಷ ಇನ್ನೊಬ್ಬರು ಹಾಕಿರುವುದೂ ಇಲ್ಲ. ನಿಜವಾದ ಕೊಳ್ಳಿ, ಮೇಣದಬತ್ತಿ ಮಾತ್ರ ಬೇಡ.

ಚರಿತ್ರೆಯ ಪಾತ್ರ ಬೇಕೆಂದರೆ ಕೆಳದಿ ಚೆನ್ನಮ್ಮ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ, ನಮ್ಮ ಸಾಗರ ತಾಲೂಕಿನ ಕೆಳದಿಯ ಹೆಸರಿನವಳು. ಛದ್ಮವೇಷದಲ್ಲಿ ಎಲ್ಲರೂ ಕಿತ್ತೂರು ಚೆನ್ನಮ್ಮನೇ ಆಗುವಾಗ ಇವಳು ಎದ್ದು ಕಾಣುತ್ತಾಳೆ. ಆಗಸ್ಟ್ 15ಕ್ಕಾದರೆ 1942ರಲ್ಲಿ ಸ್ವತಂತ್ರವೆಂದು ಘೋಷಿಸಿಕೊಂಡ ಶಿಕಾರಿಪುರ ತಾಲೂಕಿನ ಈಸೂರಿನ ರೈತ. ಪಂಚೆ, ಖಾದಿ ಟೋಪಿ, ಕೈಯಲ್ಲಿ ಬಾವುಟ. ಮಳೆಗಾಲದ ಮಲೆನಾಡಿಗನೂ ಒಳ್ಳೆಯ ವೇಷವೇ: ಮಳೆಗೆ ತಲೆ, ಬೆನ್ನು ಮುಚ್ಚುವಂತೆ ಎಲೆಯಿಂದ ಹೆಣೆದ ಗೊರಬು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ. ಕತ್ತಿ ಮಾತ್ರ ರಟ್ಟಿನದ್ದಿರಲಿ.

ವಿಮಾನ ಹತ್ತುವವರು ಗಮನಿಸಿ: ನವಿಲುಗರಿಯನ್ನು ದೇಶದಿಂದಾಚೆ ಒಯ್ಯಲು ಬಿಡುವುದಿಲ್ಲ. ಹಾಳೆ ಟೋಪಿ, ಗೊರಬು ಗಿಡದ ಸಾಮಾನು. ಆಸ್ಟ್ರೇಲಿಯಾದಂಥ ಕಡೆ ಇಳಿಯುವಾಗ ಬರೆದು ತಿಳಿಸಲೇಬೇಕು, ಇಲ್ಲದಿದ್ದರೆ ದಂಡ.

5. ಬಣ್ಣ, ಬೂಟು, ಬೈಕು

ಹೊಸ ಬಣ್ಣವನ್ನು ಹಿಂದಿನ ದಿನ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಿ. ತುರಿಸಿದರೆ ಮುಖಕ್ಕೆ ಬೇಡ. ಬಣ್ಣಕ್ಕೆ ಮೊದಲು ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ತೆಗೆಯುವಾಗ ಸುಲಭ. ತೆಗೆಯುವಾಗಲೂ ಮೊದಲು ಎಣ್ಣೆ ಹಾಕಿ ತಿಕ್ಕಿ, ಹಳೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಸೀದಾ ಸೋಪು ಹಾಕಿದರೆ ಬಣ್ಣ ಕಣ್ಣಿಗಿಳಿದು ಮಗು ಮನೆ ಎತ್ತಿಹೋಗುವಂತೆ ಅಳುತ್ತದೆ. ಮೀಸೆಗೆ ಕಾಡಿಗೆಯೇ ಸಾಕು. ಅಗ್ಗದ ಕುಂಕುಮ ಬಳಿಯಬೇಡಿ, ಕಲೆ ದಿನಗಟ್ಟಲೆ ಹೋಗುವುದಿಲ್ಲ.

ಮೇಲಂಗಿ, ಸೆರಗು, ಉದ್ದ ಶಾಲು ಇದ್ದರೆ ಬೈಕಿನಲ್ಲಿ ಕೂರುವ ಮೊದಲು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೇ ಕುತ್ತು. ಮುಖವಾಡ ತೊಟ್ಟು ಗಾಡಿ ಓಡಿಸಲೇಬೇಡಿ. ಪಾರ್ಟಿ ಮಲೆನಾಡಿನ ಮನೆಯಲ್ಲಾದರೆ ಲೇಸಿನ ಉದ್ದ ಬೂಟು ಬೇಡ, ಜಗಲಿಯಲ್ಲಿ ಬಿಚ್ಚುತ್ತಾ ಕೂತಿರುವಾಗ ಎಲೆ ಹಾಕಿಯಾಗಿರುತ್ತದೆ. ಜಪಾನಿಗರ ಮನೆಯಲ್ಲೂ ಚಪ್ಪಲಿ ಹೊರಗೇ. ಅಮೆರಿಕದಲ್ಲಿ ಮನೆಯಿಂದ ಮನೆಗೆ ಬೇರೆ, ಬಾಗಿಲ ಬಳಿ ಶೂ ಸಾಲಾಗಿದ್ದರೆ ನೀವೂ ಬಿಡಿ.

6. ಇಲ್ಲಿಗೆ ಬರುವವರಿಗೆ ಮೊದಲೇ ಹೇಳಿಡಿ

ಮಗನ ವಿದೇಶಿ ಗೆಳೆಯರು ಮದುವೆಗೆ ಬರುತ್ತಾರೆಂದರೆ, ಸೀರೆ ಪಂಚೆ ಉಟ್ಟರೆ ಇಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಅವರ ಊರಿನ ಅನುಭವದಿಂದ ಅವರು ಹಿಂಜರಿಯುತ್ತಿರುತ್ತಾರೆ. ರವಿಕೆಗೆ ಅಳತೆ ತರಿಸಿಕೊಂಡು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೀರೆ ತೆಗೆದ ದಿನವೇ ಟೈಲರಿಗೆ ಕೊಡಿ, ಲಗ್ನದ ತಿಂಗಳಲ್ಲಿ ಟೈಲರು ಕೈಗೆ ಸಿಗುವುದಿಲ್ಲ. ಗಂಡಸರಿಗೆ ಬೆಲ್ಟಿನಂತೆ ಅಂಟಿಸುವ ಪಂಚೆ ತಂದರೆ ಊಟದ ಪಂಕ್ತಿಯಲ್ಲಿ ಮಾನ ಉಳಿಯುತ್ತದೆ.

ಆದರೆ ಎಲ್ಲವೂ ಉಡುಪಲ್ಲ ಎಂಬುದನ್ನೂ ತಿಳಿಸಿ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಬೇವಿನ ಸೊಪ್ಪು ಉಟ್ಟವರು ಕಂಡರೆ ಅದು ಹರಕೆ. ಅದನ್ನು ನೋಡಿ ಇನ್‌ಸ್ಟಾಗ್ರಾಂಗೆಂದು ತಾವೂ ಸೊಪ್ಪು ಸಿಕ್ಕಿಸಿಕೊಳ್ಳುವುದು, ಕೇಳದೆ ಹತ್ತಿರ ಹೋಗಿ ಫೋಟೋ ತೆಗೆಯುವುದು ಬೇಡ.

7. ವಾಪಸು ಕೊಡುವಾಗ

ಬಾಡಿಗೆ ತಂದ ವೇಷವನ್ನು ಮರುದಿನವೇ ಗಾಳಿಗೆ ಹರವಿ. ಮಲೆನಾಡಿನ ಥಂಡಿಗೆ ಬೆವರಿನ ವೆಲ್ವೆಟ್ಟು ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಜರಿ, ಮಣಿ ಇರುವುದನ್ನು ಒಗೆಯಬೇಡಿ, ಒಳಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಕಿತ್ತುಹೋದ ಮಣಿ ಸಿಕ್ಕಿದ್ದರೆ ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿನಲ್ಲಿಡಿ. ನನ್ನ ಟ್ರಂಕಿನಿಂದ ಒಯ್ದವರು ಕಳೆದ ಹ್ಯಾಲೋವಿನ್‌ನ ಎರಡು ಗಡ್ಡ, ಒಂದು ಗದೆ ಇನ್ನೂ ಕೊಟ್ಟಿಲ್ಲ. ಸಿರಿಗೆರೆ ಬಸ್ಸಿಗಾದರೂ ಸರಿ, ಹೊಸನಗರ ಬಸ್ಸಿಗಾದರೂ ಸರಿ, ಹಾಕಿ ಫೋನ್ ಮಾಡಿ, ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳುತ್ತೇನೆ.